ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಮೂಳೆಯ ಔಷಧಿ: ಯಾವುದು, ಯಾರಿಗೆ, ಎಷ್ಟು ಕಾಲ?



ಶಸ್ತ್ರಚಿಕಿತ್ಸೆ ಆಯಿತು, ಕಿಮೋಥೆರಪಿ ಆಯಿತು, ಬೇಕಾದವರಿಗೆ ರೇಡಿಯೇಷನ್ನೂ ಆಯಿತು. ಕೈವಾರ ಕ್ರಾಸಿನಲ್ಲಿ ಬಸ್ಸು ಹಿಡಿದು, ಹೊಸಕೋಟೆ ದಾಟಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಬೇರೆ ದೊಡ್ಡ ಆಸ್ಪತ್ರೆಗೋ ತಿಂಗಳುಗಟ್ಟಲೆ ಓಡಾಡಿದ್ದೂ ಮುಗಿಯಿತು. ಇನ್ನು ದಿನಕ್ಕೊಂದು ಮಾತ್ರೆ ನುಂಗಿದರೆ ಸಾಕು ಎಂದು ಮನೆಯವರೆಲ್ಲ ನೆಮ್ಮದಿಯಾಗಿರುವ ಹೊತ್ತಿನಲ್ಲಿ ವೈದ್ಯರು "ನಿಮ್ಮ ಮೂಳೆಗೂ ಒಂದು ಔಷಧಿ ಬೇಕಾಗುತ್ತದೆ" ಎನ್ನುತ್ತಾರೆ. ಕಾಯಿಲೆ ಮೂಳೆಗೆ ಇಳಿಯಿತೇ ಎಂಬ ಭಯ ಮೊದಲು ಬರುತ್ತದೆ. ಸಾಮಾನ್ಯವಾಗಿ ಅವರು ಹೇಳುತ್ತಿರುವುದು ಅದನ್ನಲ್ಲ. ಕ್ಯಾನ್ಸರನ್ನು ತಡೆಯಲು ಕೊಟ್ಟ ಚಿಕಿತ್ಸೆಯೇ ಮೂಳೆಯನ್ನು ಒಳಗಿಂದೊಳಗೆ ತೆಳುವಾಗಿಸುತ್ತದೆ. ಅದಕ್ಕೆ ಮುಂಚಿತವಾಗಿ ಕೊಡುವ ರಕ್ಷಣೆ ಇದು.

ಈ ಔಷಧಿಗಳು ಹಲವು ಬಗೆಯಾಗಿವೆ. ವಾರಕ್ಕೊಂದು ಮಾತ್ರೆ ಇದೆ, ಆರು ತಿಂಗಳಿಗೊಮ್ಮೆ ಏರಿಸುವ ಡ್ರಿಪ್ ಇದೆ, ಆರು ತಿಂಗಳಿಗೊಮ್ಮೆ ಚರ್ಮದಡಿ ಹಾಕುವ ಚುಚ್ಚುಮದ್ದೂ ಇದೆ. "ಡಾಕ್ಟರೇ, ಇವುಗಳಲ್ಲಿ ಯಾವುದು ಹೆಚ್ಚು ಪವರ್?" ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡಿವೆ: ಇದರ ತಾರೀಖು ತಪ್ಪದಂತೆ ನಾನು ಬರಲು ಆಗುತ್ತದೆಯೇ? ಮುಂದೆ ಇದನ್ನು ನಿಲ್ಲಿಸುವುದು ಹೇಗೆ? ಮೊದಲ ಡೋಸಿಗೆ ಮುಂಚೆಯೇ ಇವೆರಡನ್ನೂ ಕೇಳಬೇಕು. ಏಕೆಂದು ಮುಂದೆ ತಿಳಿಸುತ್ತೇವೆ.

ಮೂಳೆಗೂ ಈ ಚಿಕಿತ್ಸೆಗೂ ಏನು ಸಂಬಂಧ?

ಮೂಳೆ ಎಂದರೆ ಕಲ್ಲಲ್ಲ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳು ಒಂದು ಕಡೆ, ಹೊಸದನ್ನು ಕಟ್ಟುವ ಜೀವಕೋಶಗಳು ಇನ್ನೊಂದು ಕಡೆ, ಜೀವನವಿಡೀ ಕೆಲಸ ಮಾಡುತ್ತಲೇ ಇರುತ್ತವೆ. ಮಣ್ಣಿನ ಗೋಡೆಯ ಸಡಿಲಾದ ಭಾಗವನ್ನು ಕೆರೆದು ಮತ್ತೆ ಮೆತ್ತಿದ ಹಾಗೆ. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಕೆರೆಯುವವರ ಕೈಯನ್ನು ಹಿಡಿತದಲ್ಲಿಡುತ್ತದೆ. ಮುಟ್ಟು ನಿಂತ ಮೇಲೆ ಆ ಹಾರ್ಮೋನು ಇಳಿಯುತ್ತದೆ, ಕೆರೆಯುವುದು ಹೆಚ್ಚಾಗಿ ಮೆತ್ತುವುದು ಹಿಂದೆ ಬೀಳುತ್ತದೆ. ಎಲ್ಲ ಹೆಂಗಸರಲ್ಲೂ ಆಗುವ ಬದಲಾವಣೆ ಇದು.

ಆದರೆ ಸ್ತನ ಕ್ಯಾನ್ಸರುಗಳಲ್ಲಿ ಬಹಳಷ್ಟು ಇದೇ ಈಸ್ಟ್ರೋಜನ್‌ನಿಂದ ಪೋಷಣೆ ಪಡೆಯುವಂಥವು. ಆದುದರಿಂದ ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಎಕ್ಸೆಮೆಸ್ಟೇನ್ ಎಂಬ ಮಾತ್ರೆಗಳನ್ನು 5 ವರ್ಷ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಕಾಲ ಕೊಟ್ಟು, ಮೈಯಲ್ಲಿ ಉಳಿದಿರುವ ಅಲ್ಪಸ್ವಲ್ಪ ಈಸ್ಟ್ರೋಜನ್ನನ್ನೂ ಇಲ್ಲವಾಗಿಸುತ್ತಾರೆ. ಚಿಕ್ಕ ವಯಸ್ಸಿನವರಿಗೆ ಕಿಮೋಥೆರಪಿಯಿಂದಲೇ ಮುಟ್ಟು ನಿಂತುಹೋಗಬಹುದು, ಅಥವಾ ಅಂಡಾಶಯದ ಕೆಲಸವನ್ನು ನಿಲ್ಲಿಸಲು ಚುಚ್ಚುಮದ್ದು ಕೊಡಬಹುದು. ಇವರ ಮೂಳೆ ಸಹಜವಾಗಿ ಮುಟ್ಟು ನಿಂತವರಿಗಿಂತ ಬೇಗ ಟೊಳ್ಳಾಗುತ್ತದೆ. ಟ್ಯಾಮಾಕ್ಸಿಫೆನ್ ಮಾತ್ರೆಯ ರೀತಿ ಬೇರೆ: ಮುಟ್ಟು ನಿಂತವರ ಮೂಳೆಗೆ ಅದು ಸ್ವಲ್ಪ ಒತ್ತಾಸೆಯನ್ನೇ ಕೊಡುತ್ತದೆ, ಮುಟ್ಟು ಇನ್ನೂ ಇರುವವರಲ್ಲಿ ಮಾತ್ರ ಸ್ವಲ್ಪ ನಷ್ಟವಾಗಬಹುದು. ಆದ್ದರಿಂದ ನೀವು ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬ ಚೀಟಿ ಇಲ್ಲದೆ ಮೂಳೆಯ ಔಷಧಿಯನ್ನು ಯಾರೂ ಸರಿಯಾಗಿ ಆರಿಸಲಾರರು.

ಇಲ್ಲೇ ಒಂದು ಮಾತನ್ನು ಒತ್ತಿ ಹೇಳಬೇಕು. ಮೂಳೆಗೆ ತೊಂದರೆಯಂತೆ ಎಂದು ಕೇಳಿ ಲೆಟ್ರೋಜೋಲ್ ಮಾತ್ರೆಯನ್ನೇ ನಿಲ್ಲಿಸಿಬಿಡಬೇಡಿ. ಮೂಳೆಯನ್ನು ಕಾಯಲು ಬೇರೆ ದಾರಿಗಳಿವೆ. ಆ ಮಾತ್ರೆ ಕಾಯುತ್ತಿರುವುದು ಜೀವವನ್ನು.

"ಮೂಳೆ ಸವೆದಿದೆ" ಎಂದರೆ ಯಾವುದು?

ನಮ್ಮಲ್ಲಿ ಮಂಡಿ ನೋವಿಗೂ ಮೂಳೆ ಸವೆತ ಎನ್ನುತ್ತೇವೆ, ಮೂಳೆ ಟೊಳ್ಳಾಗುವುದಕ್ಕೂ ಅದೇ ಮಾತು. ಇವು ಎರಡು ಬೇರೆ ಕಾಯಿಲೆಗಳು. ಕೀಲಿನ ಸವೆತ ನೋಯುತ್ತದೆ. ಮೂಳೆ ಟೊಳ್ಳಾಗುವುದು, ಅಂದರೆ ಆಸ್ಟಿಯೋಪೊರೋಸಿಸ್, ಗೆದ್ದಲು ಹಿಡಿದ ತೊಲೆಯ ಹಾಗೆ. ಹೊರಗೆ ನೋಡಲು ಚೆನ್ನಾಗಿಯೇ ಇರುತ್ತದೆ, ನೋವೂ ಇರುವುದಿಲ್ಲ; ಬಚ್ಚಲಲ್ಲಿ ಕಾಲು ಜಾರಿ ಕೈ ಊರಿದಾಗ ಮಣಿಕಟ್ಟು, ಕೊಟ್ಟಿಗೆಯಲ್ಲಿ ಬಿದ್ದಾಗ ತೊಡೆಯ ಸಂಧಿ, ಹುಲ್ಲಿನ ಹೊರೆ ಎತ್ತಿದಾಗ ಬೆನ್ನಿನ ಮಣಿ ಮುರಿದು ಆಮೇಲೆ ಗೊತ್ತಾಗುತ್ತದೆ.

ಇದಲ್ಲದೆ ಮೂರನೆಯ ನೋವೊಂದು ಇದೆ. ಲೆಟ್ರೋಜೋಲ್ ಜಾತಿಯ ಮಾತ್ರೆಗಳಿಂದ ಬೆಳಿಗ್ಗೆ ಏಳುವಾಗ ಬೆರಳು, ಮಂಡಿ, ಪಾದ ಬಿಗಿದು ನೋಯುವುದು ಬಹಳ ಮಂದಿಗೆ ಉಂಟು. ಇದಕ್ಕೂ ಮೂಳೆ ಟೊಳ್ಳಾಗುವುದಕ್ಕೂ ಸಂಬಂಧವಿಲ್ಲ. ಮೂಳೆಯ ಚುಚ್ಚುಮದ್ದು ಹಾಕಿಸಿಕೊಂಡ ಮೇಲೂ ಕೈಕಾಲು ನೋವು ಹೋಗಲಿಲ್ಲವೆಂದು ಬೇಸರಪಡುವವರು ಇದನ್ನು ತಿಳಿದಿರಬೇಕು. ಆ ನೋವಿಗೆ ದಿನವೂ ನಡೆಯುವುದು, ವ್ಯಾಯಾಮ ಮಾಡುವುದು, ಅಥವಾ ವೈದ್ಯರು ಅದೇ ಜಾತಿಯ ಬೇರೆ ಮಾತ್ರೆಗೆ ಬದಲಿಸುವುದು ಸಹಾಯ ಮಾಡುತ್ತದೆ. ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವ ನೋವಿನ ಮಾತ್ರೆಗಳನ್ನು ದಿನವೂ ನುಂಗಿದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಕಿಡ್ನಿ ದುರ್ಬಲವಾದರೆ ಮೂಳೆಯ ಔಷಧಿಗಳಲ್ಲಿ ಒಳ್ಳೆಯವೇ ಕೆಲವು ನಿಮ್ಮ ಪಾಲಿಗೆ ಇಲ್ಲವಾಗುತ್ತವೆ.

ಸ್ತನ ಕ್ಯಾನ್ಸರ್ ಆಗಿ ಹೋದವರಿಗೆ ಹೊಸದಾಗಿ ಬೆನ್ನು ನೋವೋ ಸೊಂಟ ನೋವೋ ಶುರುವಾಗಿ, ರಾತ್ರಿ ಮಲಗಿದರೂ ಬಿಡದೆ ವಾರಗಟ್ಟಲೆ ಇದ್ದರೆ, ಅದನ್ನು ಸವೆತ ಎಂದು ನೀವೇ ತೀರ್ಮಾನಿಸಬೇಡಿ. ಕ್ಯಾನ್ಸರ್ ಮರಳಿ ಬಂದಿಲ್ಲವೆಂಬುದನ್ನು ಮೊದಲು ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಕಾಲು ಜೋಮು ಹಿಡಿದರೆ, ಬಲ ಕಡಿಮೆಯಾದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಬರಬೇಕು.

ಡೆಕ್ಸಾ ಪರೀಕ್ಷೆ ಮತ್ತು ನಮ್ಮ ಬೋರ್‌ವೆಲ್ ನೀರು

ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆಗೆ ಡೆಕ್ಸಾ ಸ್ಕ್ಯಾನ್ ಎಂದು ಹೆಸರು. ನೋವಿಲ್ಲ, ಸೂಜಿಯಿಲ್ಲ, ಸೊಂಟದ ಬೆನ್ನುಮಣಿಯನ್ನೂ ತೊಡೆಯ ಸಂಧಿಯನ್ನೂ ಅಳೆದು ಟಿ-ಸ್ಕೋರ್ ಎಂಬ ಅಂಕಿ ಕೊಡುತ್ತಾರೆ. ಮೈನಸ್ 1ರವರೆಗೆ ಸಾಮಾನ್ಯ, ಮೈನಸ್ 1ಕ್ಕೂ ಮೈನಸ್ 2.5ಕ್ಕೂ ನಡುವೆ ಇದ್ದರೆ ಮೂಳೆ ತೆಳುವಾಗುತ್ತಿದೆ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಉಚಿತ ಶಿಬಿರಗಳಲ್ಲಿ ಹಿಮ್ಮಡಿ ಇಡಿಸಿ ನೋಡುವ ಚಿಕ್ಕ ಯಂತ್ರ ಡೆಕ್ಸಾ ಅಲ್ಲ. ಅದರ ಚೀಟಿಯೊಂದನ್ನೇ ನಂಬಿ ಔಷಧಿ ಶುರುಮಾಡುವುದೂ ಸರಿಯಲ್ಲ, ಬಿಡುವುದೂ ಸರಿಯಲ್ಲ.

ಲೆಟ್ರೋಜೋಲ್ ಜಾತಿಯ ಮಾತ್ರೆ ನುಂಗುವವರಿಗೆ ಮೈನಸ್ 2.5 ಆಗುವವರೆಗೂ ಕಾಯುವುದಿಲ್ಲ. ಮೈನಸ್ 2ಕ್ಕಿಂತ ಕೆಳಗಿದ್ದರೆ ಔಷಧಿ ಕೊಡಬೇಕೆಂದು 2017ರಲ್ಲಿ ಹಲವು ಅಂತಾರಾಷ್ಟ್ರೀಯ ತಜ್ಞ ಸಂಘಗಳು ಸೇರಿ ಸಲಹೆ ಮಾಡಿದವು. ಅಂಕಿ ಅಷ್ಟು ಇಳಿಯದಿದ್ದರೂ ಅಪಾಯದ ಅಂಶಗಳಲ್ಲಿ ಎರಡಾದರೂ ಇದ್ದರೆ ಕೊಡಬೇಕೆಂದಿದ್ದಾರೆ: ಟಿ-ಸ್ಕೋರ್ ಮೈನಸ್ 1.5ಕ್ಕಿಂತ ಕಡಿಮೆ, ವಯಸ್ಸು 65 ದಾಟಿರುವುದು, ತೂಕ ಕಡಿಮೆ ಇರುವುದು, ತಂದೆತಾಯಿಗೆ ತೊಡೆಸಂಧಿ ಮುರಿದಿದ್ದುದು, 50ರ ನಂತರ ಸಣ್ಣ ಪೆಟ್ಟಿಗೇ ತಮಗೆ ಮೂಳೆ ಮುರಿದಿದ್ದುದು, ಆರು ತಿಂಗಳಿಗೂ ಮೀರಿ ಸ್ಟೀರಾಯ್ಡ್ ಮಾತ್ರೆ ನುಂಗಿದ್ದುದು, ಧೂಮಪಾನ. ಉಬ್ಬಸಕ್ಕೋ ಮೈಕೈ ನೋವಿಗೋ ಊರಿನಲ್ಲಿ ಕೊಡುವ ಹೆಸರಿಲ್ಲದ ಪುಡಿ-ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಅದನ್ನೂ ಮುಚ್ಚಿಡದೆ ಹೇಳಿ.

ಈಗ ನಮ್ಮ ಭಾಗದ ವಿಶೇಷ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ನೀರನ್ನು ದಶಕಗಟ್ಟಲೆ ಕುಡಿದವರ ಮೂಳೆಯಲ್ಲಿ ಫ್ಲೋರೈಡ್ ಸೇರಿಕೊಂಡು ಸ್ಕ್ಯಾನಿನಲ್ಲಿ ಮೂಳೆ ದಟ್ಟವಾಗಿ ಕಾಣುತ್ತದೆ. ಅಂಕಿ ಚೆನ್ನಾಗಿ ಬರುತ್ತದೆ. ಮೂಳೆ ಮಾತ್ರ ಗಡಸು, ಬಾಗದೆ ಮುರಿಯುವಂಥದು. ಹಿಂದೆ ಫ್ಲೋರೈಡನ್ನೇ ಮೂಳೆಗೆ ಔಷಧಿಯಾಗಿ ಕೊಟ್ಟು ನೋಡಿದ್ದುಂಟು. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 202 ಮಹಿಳೆಯರ ಮೇಲೆ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ವರ್ಷ ಫ್ಲೋರೈಡ್ ಪಡೆದವರ ಸೊಂಟದ ಬೆನ್ನುಮಣಿಯ ಸಾಂದ್ರತೆ ಶೇಕಡಾ 35ರಷ್ಟು ಏರಿತು. ಬೆನ್ನುಮಣಿ ಮುರಿಯುವುದು ಮಾತ್ರ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ, ಕೈಕಾಲು ಮೊದಲಾದ ಬೇರೆ ಮೂಳೆಗಳು ಮುರಿಯುವುದು ಹೆಚ್ಚಾಯಿತು.

ಆದುದರಿಂದ ನಿಮ್ಮ ಅಥವಾ ಮನೆಯವರ ಹಲ್ಲುಗಳಲ್ಲಿ ಚಿಕ್ಕಂದಿನಿಂದ ಕಂದು ಪಟ್ಟೆಗಳಿದ್ದರೆ, ಬೆನ್ನು ಕುತ್ತಿಗೆ ಸೆಟೆದು ಬಗ್ಗಲು ಆಗದಿದ್ದರೆ, ಡೆಕ್ಸಾ ವರದಿ ತೋರಿಸುವಾಗ "ನಮ್ಮೂರಿನದು ಫ್ಲೋರೈಡ್ ನೀರು" ಎಂಬ ಮಾತನ್ನೂ ಸೇರಿಸಿ ಹೇಳಿ. ಬೆಂಗಳೂರಿನ ವೈದ್ಯರಿಗೆ ನಿಮ್ಮೂರಿನ ನೀರಿನ ವಿಚಾರ ಗೊತ್ತಿರಬೇಕೆಂದೇನೂ ಇಲ್ಲ. ಅವರು ಅಂಕಿಯನ್ನಷ್ಟೇ ನಂಬದೆ ಬೆನ್ನಿನ ಎಕ್ಸ್-ರೇ, ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ನೋಡಿ ತೀರ್ಮಾನಿಸುತ್ತಾರೆ.

ಬಿಸ್‌ಫಾಸ್ಫೋನೇಟ್ ಔಷಧಿಗಳು

ಮೂಳೆ ಕರಗಿಸುವ ಜೀವಕೋಶಗಳನ್ನು ತಡೆಯುವ ಹಳೆಯ, ಚೆನ್ನಾಗಿ ಪರೀಕ್ಷೆಗೊಳಗಾದ ಗುಂಪು ಇದು. ಮಾತ್ರೆಗಳಲ್ಲಿ ಅಲೆಂಡ್ರೋನೇಟ್ 70 ಮಿಲಿಗ್ರಾಂ ಮತ್ತು ರಿಸೆಡ್ರೋನೇಟ್ 35 ಮಿಲಿಗ್ರಾಂ ವಾರಕ್ಕೊಮ್ಮೆ, ಐಬ್ಯಾಂಡ್ರೋನೇಟ್ 150 ಮಿಲಿಗ್ರಾಂ ತಿಂಗಳಿಗೊಮ್ಮೆ. ಬೆಲೆ ಕಡಿಮೆ. ಮನೆಯಲ್ಲೇ ನುಂಗಬಹುದು. ಆದರೆ ನುಂಗುವ ಕ್ರಮ ತಪ್ಪಿದರೆ ಮಾತ್ರೆ ವ್ಯರ್ಥ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ, ಐಬ್ಯಾಂಡ್ರೋನೇಟ್ ಆದರೆ ಒಂದು ಗಂಟೆ, ಕಾಫಿ, ಟೀ, ಹಾಲು, ತಿಂಡಿ, ಬೇರೆ ಮಾತ್ರೆ ಏನೂ ಬೇಡ. ಆ ಹೊತ್ತಿನಲ್ಲಿ ಮಲಗಲೂ ಬಾರದು. ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲಿ ಸುಟ್ಟ ಹಾಗೆ ಹುಣ್ಣಾಗುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕೂಡ ಮಾತ್ರೆಯನ್ನು ಹಿಡಿದುಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲ, ಹಾಗಾಗಿ ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಎದೆಯುರಿ, ನುಂಗಲು ಕಷ್ಟ ಇರುವವರಿಗೆ, ಬೆನ್ನು ನೆಟ್ಟಗೆ ಮಾಡಿ ಕೂರಲಾಗದವರಿಗೆ ಈ ಮಾತ್ರೆ ಹೊಂದುವುದಿಲ್ಲ.

ಅದೇ ಗುಂಪಿನ ಡ್ರಿಪ್ ಔಷಧಿ ಜೋಲೆಡ್ರೋನಿಕ್ ಆಸಿಡ್. ಸ್ತನ ಕ್ಯಾನ್ಸರಿನವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಆರು ತಿಂಗಳಿಗೊಮ್ಮೆ, ಬರೀ ಆಸ್ಟಿಯೋಪೊರೋಸಿಸ್‌ಗೆ 5 ಮಿಲಿಗ್ರಾಂ ವರ್ಷಕ್ಕೊಮ್ಮೆ. ಕನಿಷ್ಠ ಕಾಲು ಗಂಟೆ ನಿಧಾನವಾಗಿ ಏರಿಸುತ್ತಾರೆ. ಮೊದಲ ಸಲ ಏರಿಸಿದಾಗ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು; ಪ್ಯಾರಾಸಿಟಮಾಲ್ ಸಾಕು, ಮುಂದಿನ ಸಲ ಅಷ್ಟಿರುವುದಿಲ್ಲ. ಜ್ವರ ಬಂತೆಂದು ಎರಡನೆಯ ಡೋಸಿಗೆ ಬರದೆ ಉಳಿಯಬೇಡಿ. ಪ್ರತಿ ಸಲ ಏರಿಸುವ ಮುನ್ನ ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಕಿಡ್ನಿ ಬಹಳ ದುರ್ಬಲವಾಗಿದ್ದರೆ ಈ ಔಷಧಿ ಕೊಡುವುದಿಲ್ಲ. ಕಂಕುಳಿನ ಗಂಟುಗಳನ್ನು ತೆಗೆದಿರುವ ಕಡೆಯ ಕೈ ಬಿಟ್ಟು ಇನ್ನೊಂದು ಕೈಗೆ ಸೂಜಿ ಹಾಕುವಂತೆ ನರ್ಸಮ್ಮನವರಿಗೆ ನೆನಪಿಸಿ.

ಈ ಗುಂಪಿಗೆ ಬೇರೆ ಔಷಧಿಗಳಿಗಿಲ್ಲದ ಒಂದು ಲಾಭವಿದೆ. ಆರಂಭದ ಹಂತದ ಸ್ತನ ಕ್ಯಾನ್ಸರಿನ 18,766 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2015ರಲ್ಲಿ ಪ್ರಕಟವಾಯಿತು. ಮುಟ್ಟು ನಿಂತ ಮಹಿಳೆಯರಲ್ಲಿ ಬಿಸ್‌ಫಾಸ್ಫೋನೇಟ್ ಪಡೆದವರಿಗೆ 10 ವರ್ಷಗಳಲ್ಲಿ ಕ್ಯಾನ್ಸರ್ ಮೂಳೆಯಲ್ಲಿ ಮರಳಿದ್ದು ಶೇಕಡಾ 6.6, ಪಡೆಯದವರಿಗೆ 8.8. ಸ್ತನ ಕ್ಯಾನ್ಸರಿನಿಂದ ತೀರಿಕೊಂಡವರು ಪಡೆದವರಲ್ಲಿ ಶೇಕಡಾ 14.7, ಪಡೆಯದವರಲ್ಲಿ 18. ಅಂದರೆ 100 ಜನರಲ್ಲಿ ಮೂವರಷ್ಟು ತಾಯಂದಿರ ಜೀವದ ಮಾತು. ಮುಟ್ಟು ನಿಲ್ಲದವರಲ್ಲಿ ಈ ಲಾಭ ಕಾಣಲಿಲ್ಲ. ಆದುದರಿಂದ ಮುಟ್ಟು ನಿಂತವರಿಗೆ, ಅಥವಾ ಚುಚ್ಚುಮದ್ದಿನಿಂದ ನಿಲ್ಲಿಸಿದವರಿಗೆ, ಕ್ಯಾನ್ಸರ್ ಮರಳುವ ಅಪಾಯ ಹೆಚ್ಚಿದ್ದರೆ ಟಿ-ಸ್ಕೋರ್ ಚೆನ್ನಾಗಿದ್ದರೂ ಜೋಲೆಡ್ರೋನಿಕ್ ಆಸಿಡ್ ಕೊಡುವುದುಂಟು. ಅದನ್ನು ಚಿಕಿತ್ಸೆಯ ಆರಂಭದ ತಿಂಗಳುಗಳಲ್ಲೇ ಶುರುಮಾಡುತ್ತಾರೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೋನೇಟ್ ಮೂಳೆಗೆ ಒಳ್ಳೆಯದೇ. ಆದರೆ ಕ್ಯಾನ್ಸರ್ ತಡೆಯುವ ಆಧಾರ ಬಹುಪಾಲು ಜೋಲೆಡ್ರೋನಿಕ್ ಆಸಿಡ್ ಮತ್ತು ಅದರ ಗುಂಪಿನ ಇನ್ನೆರಡು ಔಷಧಿಗಳಿಂದ ಬಂದದ್ದು.

ಡೆನೋಸುಮ್ಯಾಬ್: ಒಳ್ಳೆಯ ಔಷಧಿ, ಕಟ್ಟುನಿಟ್ಟಿನ ತಾರೀಖು

60 ಮಿಲಿಗ್ರಾಂ ಚುಚ್ಚುಮದ್ದು, ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ, ಆರು ತಿಂಗಳಿಗೊಮ್ಮೆ. ಡ್ರಿಪ್ ಬೇಡ. ಕಿಡ್ನಿ ದುರ್ಬಲವಾಗಿದ್ದರೂ ಕೊಡಬಹುದು, ಆದರೆ ಅಂಥವರಲ್ಲಿ ರಕ್ತದ ಕ್ಯಾಲ್ಸಿಯಂ ಅಪಾಯಕಾರಿಯಾಗಿ ಇಳಿಯಬಹುದಾದ್ದರಿಂದ ಪರೀಕ್ಷೆ ಮಾಡಿಯೇ ಕೊಡಬೇಕು. ಲೆಟ್ರೋಜೋಲ್ ಜಾತಿಯ ಮಾತ್ರೆ ನುಂಗುತ್ತಿದ್ದ 3,400ಕ್ಕೂ ಹೆಚ್ಚು ಮಹಿಳೆಯರ ಆಸ್ಟ್ರಿಯಾ ಮತ್ತು ಸ್ವೀಡನ್ ದೇಶಗಳ ಅಧ್ಯಯನದಲ್ಲಿ ಈ ಚುಚ್ಚುಮದ್ದು ಮೂಳೆ ಮುರಿಯುವುದನ್ನು ಅರ್ಧಕ್ಕೆ ಇಳಿಸಿತು. ಆರಂಭದಲ್ಲಿ ಮೂಳೆ ಚೆನ್ನಾಗಿದ್ದವರಿಗೂ ಲಾಭವಾಯಿತು. ಇದೂ 2015ರಲ್ಲಿ ಪ್ರಕಟವಾದದ್ದೇ. ಪವರ್ ಕೇಳುವವರಿಗೆ ಇದು ಸಾಕು.

ತೊಡಕು ಇರುವುದು ನಿಲ್ಲಿಸುವಾಗ. ಬಿಸ್‌ಫಾಸ್ಫೋನೇಟ್ ಮೂಳೆಯೊಳಗೇ ಅಂಟಿಕೊಂಡು ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತದೆ. ಒಂದೆರಡು ತಿಂಗಳು ತಡವಾದರೆ ದೊಡ್ಡ ನಷ್ಟವಿಲ್ಲ. ಡೆನೋಸುಮ್ಯಾಬ್ ಹಾಗೆ ಅಂಟುವುದಿಲ್ಲ. ದೊಡ್ಡಿಯಲ್ಲಿ ದನ ಕೂಡಿ ಆರು ತಿಂಗಳು ಬಾಗಿಲು ಹಾಕಿದ ಹಾಗೆ. ಬಾಗಿಲು ತೆರೆದ ಕೂಡಲೇ ಅಷ್ಟು ದಿನ ತಡೆದಿದ್ದೆಲ್ಲ ಒಮ್ಮೆಲೇ ನುಗ್ಗುತ್ತದೆ. ಮೂಳೆ ಕರಗಿಸುವ ಜೀವಕೋಶಗಳು ಮೊದಲಿಗಿಂತ ಜೋರಾಗಿ ಕೆಲಸಕ್ಕೆ ಇಳಿದು, ಗಳಿಸಿದ ಸಾಂದ್ರತೆ ಕೆಲವೇ ತಿಂಗಳಲ್ಲಿ ಕರಗಿ, ಕೆಲವರಿಗೆ ಒಂದಲ್ಲ ಎರಡಲ್ಲ, ಹಲವು ಬೆನ್ನುಮಣಿಗಳು ಒಟ್ಟೊಟ್ಟಿಗೆ ಕುಸಿದಿವೆ. ಬಿದ್ದೂ ಇಲ್ಲ, ಎತ್ತಿದ್ದೂ ಇಲ್ಲ. ಹಾಗಾಗಿ ಕೊನೆಯ ಚುಚ್ಚುಮದ್ದಿನಿಂದ 7 ತಿಂಗಳು ದಾಟಬಾರದು. 2020ರ ಲಾಕ್‌ಡೌನಿನಲ್ಲಿ ಬಸ್ಸುಗಳು ನಿಂತು ಆಸ್ಪತ್ರೆಗೆ ಬರುವುದೇ ಕಷ್ಟವಾಗಿದ್ದಾಗಲೂ ಮೂಳೆ ತಜ್ಞರ ಅಂತಾರಾಷ್ಟ್ರೀಯ ಸಂಘಗಳು ಮಿಕ್ಕ ಔಷಧಿಗಳಿಗೆ ಸಡಿಲ ಕೊಟ್ಟು, ಇದೊಂದಕ್ಕೆ ಮಾತ್ರ 7 ತಿಂಗಳ ಗಡಿಯನ್ನು ಬಿಡಲಿಲ್ಲ. ಬರಲಾಗದವರಿಗೆ ತಾತ್ಕಾಲಿಕವಾಗಿ ಬಿಸ್‌ಫಾಸ್ಫೋನೇಟ್ ಮಾತ್ರೆ ಕೊಡಿ ಎಂದರು.

ಮುಂದೊಂದು ದಿನ ಲೆಟ್ರೋಜೋಲ್ ಮುಗಿದು ಡೆನೋಸುಮ್ಯಾಬನ್ನೂ ನಿಲ್ಲಿಸುವಾಗ ಹಾಗೆಯೇ ಬಿಟ್ಟುಬಿಡುವಂತಿಲ್ಲ. ಕೊನೆಯ ಚುಚ್ಚುಮದ್ದಿನಿಂದ ಸುಮಾರು ಆರು ತಿಂಗಳಿಗೆ ಜೋಲೆಡ್ರೋನಿಕ್ ಆಸಿಡ್ ಡ್ರಿಪ್ ಏರಿಸಿ, ಅಥವಾ ಮಾತ್ರೆ ಶುರುಮಾಡಿ, ಅದರ ಮೇಲೆ ನಿಗಾ ಇಡಬೇಕು. ಹಣ ಕೂಡಿಬಂದಾಗ ಹಾಕಿಸೋಣ, ಸುಗ್ಗಿ ಮುಗಿದ ಮೇಲೆ ಹೋಗೋಣ, ರೇಷ್ಮೆ ಹುಳು ಹಣ್ಣಾಗುವ ಸಮಯ ಈಗ ಮನೆ ಬಿಡಲಾಗದು ಎನ್ನುವ ಪರಿಸ್ಥಿತಿ ನಿಮ್ಮದಾದರೆ ಅದನ್ನು ನಾಚಿಕೆಯಿಲ್ಲದೆ ಮೊದಲೇ ಹೇಳಿ. ಅಂಥವರಿಗೆ ಜೋಲೆಡ್ರೋನಿಕ್ ಆಸಿಡ್ ಹೆಚ್ಚು ಸುರಕ್ಷಿತ ಎಂದೇ ನಮ್ಮ ಅಭಿಪ್ರಾಯ. ಡೆನೋಸುಮ್ಯಾಬನ್ನೇ ಆರಿಸಿದವರು ಒಂದು ಡೋಸು ಗುರುಪೂರ್ಣಿಮೆಯ ಸುಮಾರಿಗೆ, ಇನ್ನೊಂದು ಸಂಕ್ರಾಂತಿಗೆ ಎಂದು ಗುರುತಿಟ್ಟುಕೊಳ್ಳಬಹುದು. ಕೈವಾರದವರಿಗೆ ಗುರುಪೂರ್ಣಿಮೆಯ ಸಂಗೀತೋತ್ಸವ ಮರೆಯುವ ಮಾತೇ ಇಲ್ಲ. ಹುಣ್ಣಿಮೆ ಪ್ರತಿ ವರ್ಷ ಹಿಂದೆ ಮುಂದೆ ಆಗುವುದರಿಂದ ತಾರೀಖನ್ನು ಕ್ಯಾಲೆಂಡರಿನಲ್ಲೂ ಬರೆಯಿರಿ, ಮಗನ ಅಥವಾ ಸೊಸೆಯ ಮೊಬೈಲಿನಲ್ಲೂ ಹಾಕಿಸಿ.

ಕೆಲವು ಔಷಧಿಗಳು ನಿಮಗಲ್ಲ

ಬೇರೆಯವರಿಗೆ ಮೂಳೆಗೆಂದು ಬರೆದುಕೊಟ್ಟದ್ದನ್ನು ನೋಡಿ ನೀವೂ ಕೇಳಬೇಡಿ. ಮುಟ್ಟು ನಿಂತವರಿಗೆ ಕೊಡುವ ಹಾರ್ಮೋನ್ ಮಾತ್ರೆ ಸ್ತನ ಕ್ಯಾನ್ಸರ್ ಆದವರಿಗೆ ನಿಷಿದ್ಧ. ರಾಲಾಕ್ಸಿಫೀನ್ ಮಾತ್ರೆಯನ್ನು ಟ್ಯಾಮಾಕ್ಸಿಫೆನ್ ಅಥವಾ ಲೆಟ್ರೋಜೋಲ್ ಜೊತೆಗೆ ಸೇರಿಸುವಂತಿಲ್ಲ. ದಿನವೂ ಚುಚ್ಚಿಕೊಳ್ಳುವ ಟೆರಿಪಾರಟೈಡ್ ಮೂಳೆ ಕಟ್ಟುವ ಔಷಧಿಯೇನೋ ನಿಜ, ಆದರೆ ಮೂಳೆಯ ಮೇಲೆ ರೇಡಿಯೇಷನ್ ಬಿದ್ದವರಿಗೆ, ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಅದನ್ನು ಕೊಡುವುದಿಲ್ಲ. ಸ್ತನಕ್ಕೆ ಕೊಟ್ಟ ರೇಡಿಯೇಷನ್ ಪಕ್ಕೆಲುಬಿಗೂ ತಗಲಿರುತ್ತದೆ ಎಂಬುದನ್ನು ನೆನಪಿಡಿ. ಮಂಗರವಳ್ಳಿ ಚಟ್ನಿ ಊಟದ ಜೊತೆ ತಿನ್ನಲು ಆಕ್ಷೇಪವಿಲ್ಲ; ಅದರ ಪುಡಿಯನ್ನೋ ಕ್ಯಾಪ್ಸೂಲನ್ನೋ ಔಷಧಿಯ ಬದಲಿಗೆ ನಂಬಿ ಕೂರಬೇಡಿ.

ಮೊದಲು ಹಲ್ಲು ತೋರಿಸಿ

ಬಿಸ್‌ಫಾಸ್ಫೋನೇಟ್ ಆಗಲಿ ಡೆನೋಸುಮ್ಯಾಬ್ ಆಗಲಿ, ಶುರುಮಾಡುವ ಮುನ್ನ ದಂತವೈದ್ಯರನ್ನು ನೋಡಿ ಬನ್ನಿ. ಅಪರೂಪಕ್ಕೆ, ಈ ಔಷಧಿ ಪಡೆಯುವವರು ಹಲ್ಲು ಕೀಳಿಸಿದಾಗ ದವಡೆಯ ಮೂಳೆ ಮಾಯದೆ ಕೊಳೆಯುವ ತೊಂದರೆ ಬರುತ್ತದೆ. ಹುಳುಕು, ಅಲ್ಲಾಡುವ ಹಲ್ಲು ಇದ್ದರೆ ಮೊದಲೇ ಕೀಳಿಸಿ, ಗಾಯ ಮಾಯ್ದ ನಂತರ ಔಷಧಿ ಶುರುಮಾಡುವುದು ಕ್ಷೇಮ. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರ ಒಸಡು ಸಾಮಾನ್ಯವಾಗಿ ಕೆಟ್ಟಿರುತ್ತದೆ. ಅವರಿಗೆ ಈ ಮಾತು ಇಮ್ಮಡಿ. ವರ್ಷಗಟ್ಟಲೆ ಔಷಧಿ ಪಡೆದವರಿಗೆ ತೊಡೆಯಲ್ಲೋ ತೊಡೆಸಂದಿನಲ್ಲೋ ಕಾರಣವಿಲ್ಲದೆ ನೋವು ಶುರುವಾದರೆ ಎಕ್ಸ್-ರೇ ತೆಗೆಸಬೇಕು. ಬಹಳ ಅಪರೂಪವಾಗಿ ತೊಡೆಯ ಮೂಳೆ ಬಿರುಕು ಬಿಡುವುದುಂಟು.

ಎರಡು ಉದಾಹರಣೆ

ಕೈವಾರದ ಕಡೆಯ 58 ವರ್ಷದ ತಾಯಿಯೊಬ್ಬರು ಎಂದಿಟ್ಟುಕೊಳ್ಳಿ. ಕಂಕುಳಿನ ಗಂಟುಗಳಲ್ಲೂ ಕ್ಯಾನ್ಸರ್ ಇತ್ತು, ಈಗ ಲೆಟ್ರೋಜೋಲ್ ನುಂಗುತ್ತಿದ್ದಾರೆ, ಟಿ-ಸ್ಕೋರ್ ಮೈನಸ್ 1.8, ಕಿಡ್ನಿ ಚೆನ್ನಾಗಿದೆ, ಮನೆಯಲ್ಲಿ ನಾಲ್ಕು ಹಸು. ಇವರಿಗೆ ಜೋಲೆಡ್ರೋನಿಕ್ ಆಸಿಡ್ ಆರು ತಿಂಗಳಿಗೊಮ್ಮೆ ಒಳ್ಳೆಯ ಆಯ್ಕೆ. ಮೂಳೆಗೂ ಆಯಿತು, ಕ್ಯಾನ್ಸರ್ ಮರಳುವುದಕ್ಕೂ ತಡೆಯಾಯಿತು, ಹಸು ಕರು ಹಾಕಿದ್ದರಿಂದ ಎರಡು ವಾರ ತಡವಾದರೂ ಅನಾಹುತವಿಲ್ಲ.

ಶಿಡ್ಲಘಟ್ಟದ 72 ವರ್ಷದ ಅಜ್ಜಿಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕುಂದಿದೆ, ಹಿಂದೊಮ್ಮೆ ಮಣಿಕಟ್ಟು ಮುರಿದಿದೆ, ಅನಾಸ್ಟ್ರೋಜೋಲ್ ನಡೆಯುತ್ತಿದೆ. ಇಲ್ಲಿ ಜೋಲೆಡ್ರೋನಿಕ್ ಆಸಿಡ್ ಕಷ್ಟ. ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಪಡಿಸಿ ಡೆನೋಸುಮ್ಯಾಬ್ ಕೊಡಬೇಕಾಗುತ್ತದೆ. ಅಜ್ಜಿ ಒಬ್ಬರೇ ಬರುವಂತಿಲ್ಲವಾದ್ದರಿಂದ ತಾರೀಖಿನ ಜವಾಬ್ದಾರಿ ಯಾರದೆಂದು ಮನೆಯಲ್ಲಿ ಮೊದಲೇ ಮಾತಾಡಿಕೊಂಡು, ಅವರೇ ಜೊತೆಗೆ ಬರಬೇಕು.

ಊಟ, ಬಿಸಿಲು

ಔಷಧಿ ಯಾವುದೇ ಆಗಲಿ, ಮೈಯಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಅದು ಗಾರೆಯಿಲ್ಲದೆ ಗೋಡೆ ಕಟ್ಟಿದ ಹಾಗೆ. ದಿನಕ್ಕೆ ಊಟವೂ ಸೇರಿ 1000ದಿಂದ 1200 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ, 200 ಮಿಲಿ ಲೋಟ ಹಾಲಿನಲ್ಲಿ ಸುಮಾರು 240. ರಾಗಿ ಮುದ್ದೆ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಹಾಲಿನದೇ ಚಿಂತೆ: ಕರೆದ ಹಾಲೆಲ್ಲ ಡೇರಿಗೆ ಹೋಗಿ, ಮನೆಯೊಡತಿಗೆ ಕಾಫಿಗಾಗುವಷ್ಟು ಉಳಿಯುತ್ತದೆ. ದಿನಕ್ಕೆ ಒಂದು ಲೋಟ ನಿಮಗೆಂದು ಎತ್ತಿಡಿ. ಕೊರತೆಯಾದಷ್ಟಕ್ಕೆ ವೈದ್ಯರು ಮಾತ್ರೆ ಕೊಡುತ್ತಾರೆ. ಅಲೆಂಡ್ರೋನೇಟ್ ನುಂಗುವ ಬೆಳಿಗ್ಗೆ ಅದನ್ನು ಮಧ್ಯಾಹ್ನದ ಊಟಕ್ಕೆ ಮುಂದೂಡಿ. ಹೊಲದಲ್ಲಿ ದುಡಿಯುವವರಿಗೂ ವಿಟಮಿನ್ ಡಿ ಕಡಿಮೆಯಿರುವುದುಂಟು, ಪರೀಕ್ಷೆ ಮಾಡಿಸಿ. 60,000 ಯೂನಿಟ್ ಸ್ಯಾಷೆಯನ್ನು ಹೇಳಿದಷ್ಟು ವಾರ ಮಾತ್ರ ಕುಡಿಯಿರಿ, ದಿನವೂ ಅಲ್ಲ.

ಬರುವಾಗ ತರಬೇಕಾದ್ದು

ಕ್ಯಾನ್ಸರ್ ಆಸ್ಪತ್ರೆಯ ಡಿಸ್‌ಚಾರ್ಜ್ ಕಾಗದ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯಲ್ಲ, ಮಾತ್ರೆಗಳ ಹಾಳೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಬನ್ನಿ. ಡೆಕ್ಸಾ ವರದಿ, ಇತ್ತೀಚಿನ ಕ್ರಿಯಾಟಿನಿನ್, ಕ್ಯಾಲ್ಸಿಯಂ ವರದಿ ಇದ್ದರೆ ತನ್ನಿ. ಬೇರೆ ಕಡೆ ಈಗಾಗಲೇ ಮೂಳೆಯ ಚುಚ್ಚುಮದ್ದು ಹಾಕಿಸಿಕೊಂಡಿದ್ದರೆ ಅದರ ಖಾಲಿ ಡಬ್ಬಿಯನ್ನೋ ಬಿಲ್ಲನ್ನೋ ತನ್ನಿ. ಹೆಸರು ನೆನಪಿಲ್ಲದಿದ್ದರೂ ಅದರಿಂದ ಯಾವ ಔಷಧಿ, ಯಾವ ತಿಂಗಳು ಎಂದು ತಿಳಿಯುತ್ತದೆ. ಅದು ಡೆನೋಸುಮ್ಯಾಬ್ ಆಗಿದ್ದು ಆರು ತಿಂಗಳು ಕಳೆದಿದ್ದರೆ, ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಈ ವಾರವೇ ಬನ್ನಿ.